ಫನಾರಿನ ಗಾನಪೀಠವೂ ಸ್ತಾನಿತ್ಸಾಸರೂ

ಮನೆವಾರ್ತೆಯನ್ನು ನಡೆಸಿಕೊಂಡು ಬರುವ ನಮ್ಮ ಸೋದರಿಯರು ಒಂದು ಲೆಕ್ಕವನ್ನು ಮನಸ್ಸಿನಲ್ಲಿಯೇ ಹಾಕಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ. ಹುಟ್ಟಿ ಬೆಳೆದ ಊರನ್ನು ಕೆಲವೇ ದಿವಸಗಳೊಳಗೆ ಬಿಟ್ಟು ಹೊರಡಬೇಕೆಂದು ಸರಕಾರದ ಅಪ್ಪಣೆಯಾಗಿದೆ. ಸಂಗಡ ಒಯ್ಯುವುದಕ್ಕೆ ಒಬ್ಬೊಬ್ಬರಿಗೆ ೨೦ ಕಿಲೋಗ್ರಾಮು ಸಾಮಾನು, ಸುಮಾರು ೨೦ ಡಾಲರಿನಷ್ಟು ಹಣ, ಇಷ್ಟಕ್ಕೆ ಮಾತ್ರವೇ ಪರವಾನಗಿ. ಮನೆಯನ್ನು ಮಾರುವಂತಿಲ್ಲ, ಬ್ಯಾಂಕಿನಲ್ಲಿಟ್ಟ ಹಣವನ್ನು ಮುಟ್ಟುವಂತಿಲ್ಲ. ಪೆಟ್ಟಿಗೆಯಲ್ಲಿ ಏನನ್ನು ಇಡುವಿರಿ? ಚಳಿಗಾಲದ ಬಟ್ಟೆಯನ್ನೋ, ಮದುವೆಯಲ್ಲಿ ಬಂದ ಬೆಳ್ಳಿಯ ಬಟ್ಟಲನ್ನೋ, ಅಜ್ಜಿಯ ಭಾವಚಿತ್ರವನ್ನೋ?

ಇದು ಕಲ್ಪಿಸಿದ ಪ್ರಶ್ನೆಯಲ್ಲ. ೧೯೬೪ನೆಯ ಇಸವಿಯಲ್ಲಿ ತುರ್ಕಿಯ ಇಸ್ತಾಂಬುಲ್ ನಗರದಲ್ಲಿ ತಲೆಮಾರುಗಳಿಂದ ಬಾಳಿಕೊಂಡಿದ್ದ ಸುಮಾರು ೧೨,೦೦೦ ಮಂದಿ ಗ್ರೀಕ್ ಪ್ರಜೆಗಳಿಗೆ ಈ ಪ್ರಶ್ನೆಯು ನಿಜವಾಗಿಯೇ ಎದುರಾಯಿತು. ಆ ವರ್ಷ ಊರು ಬಿಟ್ಟವರಲ್ಲಿ ಥ್ರಸೀವುಲೋಸ್ ಸ್ತಾನಿತ್ಸಾಸ್ ಎಂಬ ಗಾಯಕರೂ ಒಬ್ಬರು. ಅವರ ಬಳಿಯಲ್ಲಿದ್ದ ಮುಖ್ಯವಾದ ಆಸ್ತಿಗೆ ತೂಕವಿರಲಿಲ್ಲವಾದುದರಿಂದ ಅದನ್ನು ಯಾವ ಸುಂಕದ ಕಟ್ಟೆಯವನೂ ತಡೆಯುವ ಹಾಗಿರಲಿಲ್ಲ. ಆದರೆ ಆ ಆಸ್ತಿಯು ಅದುವರೆಗೆ ಬಾಳಿದ ಮನೆಯಿಂದ ಹೊರಗೆ ಬದುಕಬಲ್ಲುದೇ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಇಸ್ತಾಂಬುಲ್ ನಗರವು ಹಿಂದೆ ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರಿನಿಂದ ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿಯಾಗಿದ್ದಿತೆಂಬುದನ್ನು ವಾಚಕರು ಚರಿತ್ರೆಯ ಪುಸ್ತಕಗಳಲ್ಲಿ ಓದಿರಬಹುದು. ೧೪೫೩ರಲ್ಲಿ ಆಟೋಮನ್ ತುರ್ಕರು ಅದನ್ನು ಗೆದ್ದುಕೊಂಡರು. ರಾಜ್ಯವು ಹೋಯಿತು; ಆದರೂ ಗ್ರೀಕರ ಧರ್ಮಗುರುವಾದ ಪೇಟ್ರಿಯಾರ್ಕರ ಪೀಠವು ಆ ನಗರದಲ್ಲಿಯೇ ಉಳಿದುಕೊಂಡಿತು. ಸುಮಾರು ೧೬೦೦ರಿಂದ ಈ ಪೀಠವು ಗೋಲ್ಡನ್ ಹಾರ್ನ್ ಎಂಬ ಕೊಲ್ಲಿಯ ದಡದಲ್ಲಿರುವ ಫನಾರ್ ಎಂಬ ಕೇರಿಯಲ್ಲಿ, ಸಂತ ಜಾರ್ಜರ ಚರ್ಚಿನಲ್ಲಿ ನೆಲೆಸಿದೆ. ಹೊರಗಿನಿಂದ ನೋಡಿದವರಿಗೆ ಇದು ಇಷ್ಟು ದೊಡ್ಡ ಪೀಠದ ದೇವಾಲಯವೆಂದು ತೋರುವುದೇ ಇಲ್ಲ, ಗುಮ್ಮಟವಿಲ್ಲ, ಎತ್ತರವಿಲ್ಲ. ಒಳಗೆ ಕಾಲಿಟ್ಟರೆ ಮಾತ್ರ ಹೊಂಬಣ್ಣದ ಕೆತ್ತನೆಯ ತೆರೆಯೂ ದೀಪಗಳೂ ಕಣ್ಣನ್ನು ತುಂಬುತ್ತವೆ. ಆ ಚರ್ಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಗಾಯಕರ ಪೀಠಗಳಿವೆ. ಬಲಗಡೆಯ ಪೀಠದ ಮುಖ್ಯನನ್ನು ಪ್ರೋತೋಪ್ಸಾಲ್ತಿಸ್, ಎಂದರೆ ಪ್ರಥಮ ಗಾಯಕ, ಎಂದು ಕರೆಯುತ್ತಾರೆ. ಎಡಗಡೆಯ ಮುಖ್ಯನಿಗೆ ಲಂಪದಾರಿಯೋಸ್ ಎಂದು ಹೆಸರು. ಮೂಲಾರ್ಥದಲ್ಲಿ ದೀಪವನ್ನು ಹಿಡಿಯುವವನು. ಒಂದು ಸ್ತೋತ್ರವನ್ನು ಬಲದವರು ಹಾಡಿದರೆ ಮುಂದಿನದನ್ನು ಎಡದವರು ಎತ್ತಿಕೊಳ್ಳುತ್ತಾರೆ. ಹೀಗೆ ಹಾಡು ಗಂಟೆಗಟ್ಟಲೆ ಆ ಬದಿಯಿಂದ ಈ ಬದಿಗೆ ತೂಗುತ್ತಿರುತ್ತದೆ.

ಈ ಸಂಗೀತದ ಸ್ವರೂಪವೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸದಿದ್ದರೆ ಮುಂದಿನ ಕಥೆಯ ರುಚಿಯು ಹತ್ತಲಾರದು.

ಐರೋಪ್ಯ ಸಂಗೀತವೆಂದರೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಪಿಯಾನೋ, ಪಿಟೀಲುಗಳ ದೊಡ್ಡ ಮೇಳ, ನಾಲ್ಕು ಬಗೆಯ ಕಂಠಗಳು ಏಕಕಾಲದಲ್ಲಿ ನಾಲ್ಕು ಬಗೆಯಾಗಿ ಹಾಡುವ ರೀತಿ ಇವೇ ಬಂದು ನಿಲ್ಲುತ್ತವೆ. ಬೈಜಾಂಟೈನ್ ಗಾನದಲ್ಲಿ ಇವೊಂದೂ ಇಲ್ಲ. ವಾದ್ಯಗಳಿಗೆ ಆ ಚರ್ಚಿನೊಳಗೆ ಪ್ರವೇಶವಿಲ್ಲ, ಮನುಷ್ಯಕಂಠವೊಂದೇ ಸಾಧನ. ಹಾಡಿನ ನಡೆಯೂ ಒಂದೇ ಎಳೆಯದು. ಅದರ ಕೆಳಗೆ ಕೆಲವರು ಒಂದೇ ಆಧಾರಸ್ವರವನ್ನು ಬಿಡದೆ ಹಿಡಿದು ನಿಂತಿರುತ್ತಾರೆ. ಇದಕ್ಕೆ ಇಸೋನ್ ಎಂದು ಹೆಸರು. ತಂಬೂರಿಯ ಶ್ರುತಿಯನ್ನು ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಇಲ್ಲಿ ತಂಬೂರಿಯ ಕೆಲಸವನ್ನು ಮನುಷ್ಯರು ಮಾಡುತ್ತಾರೆಂದರೆ ಸಾಕು.

ಅವರ ಸ್ವರನಾಮಗಳು ಏಳು: ಪಾ, ವು, ಗಾ, ದೀ, ಕೆ, ಜೋ, ನೀ. ಗ್ರೀಕ್ ವರ್ಣಮಾಲೆಯ ಮೊದಲ ಏಳು ಅಕ್ಷರಗಳಿಗೆ ಒಂದೊಂದು ಸ್ವರವನ್ನೋ ವ್ಯಂಜನವನ್ನೋ ಸೇರಿಸಿ ಈ ಹೆಸರುಗಳನ್ನು ಮಾಡಿದ್ದಾರೆ. ಹುಡುಗರು ಮೊದಲು ಮಾತನ್ನು ಬಿಟ್ಟು ಈ ಹೆಸರುಗಳಿಂದಲೇ ಹಾಡನ್ನು ಹಾಡಿ ಗಟ್ಟಿಮಾಡಬೇಕು, ಅನಂತರವೇ ಸಾಹಿತ್ಯ. ಸ್ವರಗಳ ನಡುವಿನ ಅಂತರಗಳು ಪಿಯಾನೋವಿನ ಮನೆಗಳಿಗೆ ಹೊಂದುವುದಿಲ್ಲ. ೧೮೮೧ರಲ್ಲಿ ಪೇಟ್ರಿಯಾರ್ಕರ ಪೀಠದವರು ನಿಯಮಿಸಿದ ಸಮಿತಿಯೊಂದು ಸ್ಥಾಯಿಯನ್ನು ೭೨ ಸಣ್ಣ ಭಾಗಗಳಾಗಿ ವಿಂಗಡಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ೧೨, ೧೦, ೮ ಎಂಬ ಪ್ರಮಾಣದಲ್ಲಿ ಅಂತರವನ್ನು ಗೊತ್ತುಮಾಡಿತು. ೭೨ ಎಂದೊಡನೆ ವೆಂಕಟಮಖಿಯ ೭೨ ಮೇಳಕರ್ತಗಳು ನಮ್ಮವರ ನೆನಪಿಗೆ ಬರುವುದು ಸಹಜ. ಆದರೆ ಎರಡು ಲೆಕ್ಕಗಳೂ ಬೇರೆ ಬೇರೆ. ಸಂಖ್ಯೆಯೊಂದು ಕೂಡಿಬಂದ ಮಾತ್ರಕ್ಕೆ ನಂಟುತನವನ್ನು ಹೂಡುವುದು ವಿವೇಕವಲ್ಲ. ರಾಗಗಳ ಸ್ಥಾನದಲ್ಲಿ ಅವರಿಗೆ ಎಖೋಸ್ ಎಂಬ ಎಂಟು ಧಾಟಿಗಳುಂಟು. ವಾರಕ್ಕೊಂದರಂತೆ ಇವು ಸರದಿಯಾಗಿ ಬರುತ್ತವೆ. ಎಂಟು ವಾರಗಳಿಗೆ ಚಕ್ರವು ಒಂದು ಸುತ್ತು ಮುಗಿಯುತ್ತದೆ.

ಅವರ ಸ್ವರಲಿಪಿಯು ಇನ್ನೂ ವಿಚಿತ್ರವಾದುದು. ಅದರಲ್ಲಿ ಗೆರೆಗಳ ಏಣಿಯಿಲ್ಲ. ಸಾಹಿತ್ಯದ ಅಕ್ಷರಗಳ ಮೇಲೆ ಕೊಕ್ಕೆ, ಗೀಟು, ಅಲೆಗಳಂತಹ ಗುರುತುಗಳನ್ನು ಹಾಕಿರುತ್ತಾರೆ. ಒಂದೊಂದು ಗುರುತೂ ಸ್ವರವನ್ನು ಹೇಳುವುದಿಲ್ಲ, ನಡಿಗೆಯನ್ನು ಹೇಳುತ್ತದೆ. ಓಲಿಗೋನ್ ಎಂಬ ಗೀಟು ಬಂದರೆ ನಿಂತ ಸ್ವರದಿಂದ ಒಂದು ಮೆಟ್ಟಿಲು ಮೇಲೇರಬೇಕು. ಅಪೋಸ್ತ್ರೋಫೋಸ್ ಎಂಬ ಕೊಕ್ಕೆ ಬಂದರೆ ಒಂದು ಮೆಟ್ಟಿಲು ಇಳಿಯಬೇಕು. ಪೆಟಾಸ್ತೀ ಎಂಬುದೂ ಒಂದು ಮೆಟ್ಟಿಲನ್ನೇ ಏರಿಸುತ್ತದೆ, ಆದರೆ ಏರುವಾಗ ಹಕ್ಕಿಯ ರೆಕ್ಕೆಯಂತೆ ಸ್ವರವನ್ನು ಕೊಂಚ ಬಡಿದು ಏರಿಸಬೇಕು. ಎಷ್ಟು ಬಡಿಯಬೇಕು? ಎಲ್ಲಿ ಉಸಿರನ್ನು ತೆಗೆದುಕೊಳ್ಳಬೇಕು? ಯಾವ ಪದದ ಮೇಲೆ ಸ್ವಲ್ಪ ತಡೆದು ನಿಲ್ಲಬೇಕು? ಅದನ್ನು ಪುಸ್ತಕವು ಹೇಳುವುದಿಲ್ಲ. ಗುರುವಿನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತವನ ಕಿವಿಯೇ ಹೇಳಬೇಕು. ನಮ್ಮ ವಿದ್ವಾಂಸರು ಪಾಠಾಂತರವೆಂದು ಕರೆಯುವ ವಸ್ತುವನ್ನು ಅವರು ಈಫೋಸ್ ಎನ್ನುತ್ತಾರೆ. ಫನಾರಿನ ಚರ್ಚಿನ ಈಫೋಸ್ ಎಂದರೆ ಲೋಕದ ಗ್ರೀಕ್ ಗಾಯಕರಲ್ಲೆಲ್ಲ ಪ್ರಮಾಣವೆಂದು ಮನ್ನಣೆ ಪಡೆದ ಪಾಠಾಂತರ.

ಈ ಪೀಠಗಳ ಮೇಲೆ ನಿಂತು ಹೋದವರಲ್ಲಿ ಒಬ್ಬೊಬ್ಬರ ಕಥೆಯೂ ಸ್ವಾರಸ್ಯವಾದುದು. ಅವರಲ್ಲಿ ಪೆಲೊಪೊನ್ನೇಸಿನ ಪೇತ್ರೋಸ್ ಎಂಬಾತನನ್ನು ಮಾತ್ರ ಇಲ್ಲಿ ನೆನೆಯದೆ ಮುಂದೆ ಹೋಗಲಾರೆವು. ಈತನು ೧೮ನೆಯ ಶತಮಾನದಲ್ಲಿ ಲಂಪದಾರಿಯೋಸನಾಗಿದ್ದನು. ತುರ್ಕಿ, ಪಾರಸೀಕ ಸಂಗೀತಗಳಲ್ಲಿಯೂ ನುರಿತವನು. ಒಮ್ಮೆ ಕೇಳಿದ ಹಾಡನ್ನು ಹಾಗೆಯೇ ಬರೆದಿಡುವ ಶಕ್ತಿಯಿದ್ದುದರಿಂದ ತುರ್ಕರು ಇವನಿಗೆ ಕಳ್ಳ ಪೇತ್ರೋಸನೆಂದು ಅಡ್ಡಹೆಸರಿಟ್ಟಿದ್ದರಂತೆ. ಪಾರಸೀಕ ದೇಶದ ಗಾಯಕರು ಸುಲ್ತಾನನ ಮುಂದೆ ಹಾಡಲು ಹೊಸ ಹಾಡೊಂದನ್ನು ಕಟ್ಟಿಕೊಂಡು ಬಂದಾಗ, ಇವನು ಮರೆಯಲ್ಲಿ ನಿಂತು ಕೇಳಿ ಅದನ್ನು ಬರೆದುಕೊಂಡು, ಮಾರನೆಯ ದಿನ ಅವರ ಎದುರಿಗೇ ತಂಬೂರವನ್ನು ಹಿಡಿದು ಹಾಡಿ ಅವರನ್ನು ಬೆರಗುಗೊಳಿಸಿದನೆಂದು ಕಥೆಯಿದೆ. ೧೭೭೮ರಲ್ಲಿ ಪ್ಲೇಗಿನ ಬೇನೆಯಿಂದ ಇವನು ತೀರಿಕೊಂಡಾಗ ನಗರದ ಮೌಲವೀ ದರವೇಶಿಗಳು ತಾವೂ ಬಂದು ಶೋಕಗೀತವನ್ನು ಹಾಡಿ, ಒಬ್ಬನು ತನ್ನ ಕೊಳಲನ್ನೇ ಇವನ ಸಮಾಧಿಯಲ್ಲಿ ಇಟ್ಟನೆಂದೂ ಹೇಳುತ್ತಾರೆ. ಕಥೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಲಿ. ಆ ಊರಿನಲ್ಲಿ ಮತಗಳು ಬೇರೆಯಾಗಿದ್ದರೂ ಸಂಗೀತಗಾರರು ಒಬ್ಬರ ಮನೆಯ ಬಾಗಿಲನ್ನು ಇನ್ನೊಬ್ಬರು ತಟ್ಟುತ್ತಿದ್ದ ಕಾಲವೊಂದಿದ್ದಿತೆಂಬುದಕ್ಕೆ ಈ ಕಥೆಯು ಸಾಕ್ಷಿಯಾಗಿದೆ. ಪೇತ್ರೋಸನ ಕೃತಿಗಳೇ ಇಂದಿಗೂ ಗ್ರೀಕ್ ಚರ್ಚುಗಳ ನಿತ್ಯದ ಆಹಾರ. ೧೮೧೪ರಲ್ಲಿ ಖ್ರಿಸಾಂಥೋಸ್, ಗ್ರಿಗೋರಿಯೋಸ್, ಖೂರ್ಮೂಜಿಯೋಸ್ ಎಂಬ ಮೂವರು ಪಂಡಿತರು ಹಳೆಯ ಕ್ಲಿಷ್ಟ ಲಿಪಿಯನ್ನು ತಿದ್ದಿ ಸುಲಭಗೊಳಿಸಿದರು. ೧೮೨೦ರಲ್ಲಿ ಬುಕಾರೆಸ್ಟಿನಲ್ಲಿ ಈ ಲಿಪಿಯ ಮೊದಲ ಪುಸ್ತಕಗಳು ಅಚ್ಚಾದುವು. ಅಲ್ಲಿಂದ ಈಚೆಗೆ ಹಾಡನ್ನು ಕೊಂಡು ಓದಬಹುದಾಯಿತು. ಈಫೋಸನ್ನು ಮಾತ್ರ ಕೊಳ್ಳುವಂತಾಗಲಿಲ್ಲ.

ಸ್ತಾನಿತ್ಸಾಸರು ಹುಟ್ಟಿದುದು ೧೯೧೦ರಲ್ಲಿ, ಪ್ಸೊಮಾಥಿಯಾ ಎಂಬ ಕೇರಿಯಲ್ಲಿ. ತುರ್ಕರು ಇದನ್ನು ಸಮತ್ಯಾ ಎನ್ನುತ್ತಾರೆ. ಮಾರ್ಮರಾ ಸಮುದ್ರದ ಅಂಚಿನಲ್ಲಿ, ಹಳೆಯ ಕೋಟೆಗೋಡೆಗೆ ಅನತಿದೂರದಲ್ಲಿರುವ ಈ ಕೇರಿಯಲ್ಲಿ ಗ್ರೀಕರೂ ಆರ್ಮೇನಿಯನರೂ ತುಂಬಿದ್ದರು. ಅವರ ಬಾಲ್ಯದ ಕಾಲವು ಶಾಂತವಾದ ಕಾಲವಲ್ಲ. ಬಾಲ್ಕನ್ ಯುದ್ಧಗಳು, ಮಹಾಯುದ್ಧ, ಸಾಮ್ರಾಜ್ಯದ ಪತನ ಇವೆಲ್ಲ ಅವರಿಗೆ ಹದಿಮೂರು ತುಂಬುವುದರೊಳಗಾಗಿಯೇ ನಡೆದು ಹೋದುವು. ೧೯೨೩ರಲ್ಲಿ ಲೊಸಾನ್ ಎಂಬಲ್ಲಿ ಆದ ಒಪ್ಪಂದದಂತೆ ತುರ್ಕಿಯ ಗ್ರೀಕರೂ ಗ್ರೀಸಿನ ಮುಸಲ್ಮಾನರೂ ಅದಲುಬದಲಾಗಿ ಲಕ್ಷಗಟ್ಟಲೆ ಜನ ಮನೆಮಠಗಳನ್ನು ಕಳೆದುಕೊಂಡರು. ಇಸ್ತಾಂಬುಲಿನ ಗ್ರೀಕರಿಗೆ ಮಾತ್ರ ಈ ವಿನಿಮಯದಿಂದ ವಿನಾಯಿತಿ ದೊರೆಯಿತು. ಆಗ ಆ ನಗರದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಗ್ರೀಕರಿದ್ದರು. ಅವರಿಗೆ ತಮ್ಮದೇ ಶಾಲೆಗಳು, ಆಸ್ಪತ್ರೆ, ಪತ್ರಿಕೆಗಳು, ಕೇರಿಗೊಂದು ಚರ್ಚು, ಚರ್ಚಿಗೆ ಎರಡು ಗಾನಪೀಠ. ಕಂಠವುಳ್ಳ ಹುಡುಗನಿಗೆ ಗುರುಗಳಿಗೇನೂ ಬರವಿರಲಿಲ್ಲ.

ಆ ಕಾಲದಲ್ಲಿ ಫನಾರಿನ ಬಲಗಡೆಯ ಪೀಠದಲ್ಲಿದ್ದವರು ಯಾಕೋವೋಸ್ ನಫ್ಪ್ಲಿಯೋತಿಸರು. ೧೮೬೪ರಲ್ಲಿ ನಾಕ್ಸೋಸ್ ದ್ವೀಪದಲ್ಲಿ ಹುಟ್ಟಿ, ಚಿಕ್ಕ ಹುಡುಗನಾಗಿಯೇ ಪೇಟ್ರಿಯಾರ್ಕರ ಚರ್ಚನ್ನು ಸೇರಿ, ಅಲ್ಲಿ ಕೆಳಗಿನ ಮೆಟ್ಟಿಲಿನಿಂದ ಒಂದೊಂದಾಗಿ ಏರಿ, ೧೯೧೧ರಲ್ಲಿ ಪ್ರಥಮ ಗಾಯಕರಾದವರು. ಅಲ್ಲಿನ ಕ್ರಮವೇ ಹಾಗೆ. ಮೊದಲು ಹುಡುಗನು ಕಾನೊನಾರ್ಖನಾಗಬೇಕು. ಹಾಡಬೇಕಾದ ಸಾಹಿತ್ಯವನ್ನು ತುಂಡುತುಂಡಾಗಿ ಗಟ್ಟಿಯಾಗಿ ಹೇಳಿ ಗಾಯಕರಿಗೆ ಒದಗಿಸುವುದು ಅವನ ಕೆಲಸ. ಅನಂತರ ದೊಮೆಸ್ತಿಕೋಸ್ ಎಂಬ ಸಹಾಯಕನ ಸ್ಥಾನ. ಮುಂದೆ ಎಡಗಡೆಯ ಪೀಠ. ದೈವವೂ ಆಯುಸ್ಸೂ ಕೂಡಿಬಂದರೆ ಕೊನೆಗೆ ಬಲಗಡೆಯದು. ಹತ್ತು ಹೆಜ್ಜೆಯಷ್ಟು ದೂರವನ್ನು ದಾಟುವುದಕ್ಕೆ ಒಂದು ಜೀವಮಾನವೇ ಹಿಡಿಯುತ್ತದೆ. ನಫ್ಪ್ಲಿಯೋತಿಸರ ಕಂಠವು ಆಗಿನ ಗ್ರಾಮಫೋನು ತಟ್ಟೆಗಳಲ್ಲಿ ಮುದ್ರಿತವಾಗಿದೆ. ಗರಗರ ಸದ್ದಿನ ನಡುವಿನಿಂದ ಹಾದು ಬರುವ ಆ ಧ್ವನಿಯಲ್ಲಿ ಆಡಂಬರವೆಂಬುದು ಲವಲೇಶವೂ ಇಲ್ಲ.

೧೯೩೯ರಲ್ಲಿ ನಫ್ಪ್ಲಿಯೋತಿಸರು ಪೀಠವನ್ನು ಬಿಟ್ಟರು. ಬಲಗಡೆಗೆ ಕೋನ್‌ಸ್ಟಾಂಟಿನೋಸ್ ಪ್ರಿಂಗೋಸರೂ ಎಡಗಡೆಗೆ ಲಂಪದಾರಿಯೋಸರಾಗಿ ಸ್ತಾನಿತ್ಸಾಸರೂ ನೇಮಕಗೊಂಡರು. ಸ್ತಾನಿತ್ಸಾಸರಿಗೆ ಆಗ ೨೯ ವರ್ಷ. ಪ್ರಿಂಗೋಸರು ೧೮೯೨ರಲ್ಲಿ ಹುಟ್ಟಿದವರು. ಸುಮಾರು ಇಪ್ಪತ್ತು ವರ್ಷಗಳ ಕಾಲ ಈ ಇಬ್ಬರೂ ಎದುರುಬದುರಾಗಿ ನಿಂತು ಹಾಡಿದರು. ಇದೇ ಫನಾರಿನ ಗಾನದ ಸುವರ್ಣಕಾಲವೆಂದು ಬಲ್ಲವರಲ್ಲಿ ಅನೇಕರ ಅಭಿಪ್ರಾಯ. ಆ ದಿನಗಳಲ್ಲಿ ಟೇಪಿನ ಮೇಲೆ ಹಿಡಿದಿಟ್ಟ ಕೆಲವು ಧ್ವನಿಮುದ್ರಣಗಳು ಅದೃಷ್ಟವಶಾತ್ ಉಳಿದುಕೊಂಡಿವೆ. ಪ್ರಿಂಗೋಸರದು ಗಂಭೀರವಾದ, ಮಿತಭಾಷಿಯಾದ ಮಾಧುರ್ಯ. ಹೇಳಬೇಕಾದುದಕ್ಕಿಂತ ಒಂದು ಸ್ವರವನ್ನೂ ಹೆಚ್ಚಿಗೆ ಹಾಕುವವರಲ್ಲ. ಸ್ತಾನಿತ್ಸಾಸರದು ತುಂಬಿದ ಹೊಳೆ. ತಾರಸ್ಥಾಯಿಗೆ ಏರುವಾಗ ಅವರ ಕಂಠವು ತೆಳ್ಳಗಾಗದೆ ಇನ್ನಷ್ಟು ಬೆಳಗುತ್ತದೆ. ಒಂದು ಧಾಟಿಯಿಂದ ಇನ್ನೊಂದಕ್ಕೆ ಹೊರಳಿದುದು ತಿಳಿಯುವುದರೊಳಗಾಗಿ ಮರಳಿ ಮೊದಲಿನ ಮನೆಗೆ ಬಂದುಬಿಟ್ಟಿರುತ್ತಾರೆ. ಇಬ್ಬರಲ್ಲಿ ಯಾರು ಮೇಲೆಂಬ ಚರ್ಚೆಯು ಗ್ರೀಕ್ ಗಾಯಕರಲ್ಲಿ ಇನ್ನೂ ಮುಗಿದಿಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ, ಪ್ರಿಂಗೋಸರ ಹಾಡು ಮುಗಿದ ಮೇಲೆ ಮನಸ್ಸಿನಲ್ಲಿ ಬೆಳೆಯುತ್ತದೆ. ಸ್ತಾನಿತ್ಸಾಸರದು ಹಾಡುತ್ತಿರುವಾಗಲೇ ಬೇರೆ ಯೋಚನೆಗೆ ಎಡೆಗೊಡುವುದಿಲ್ಲ. ಎದುರುಬದುರು ಇಬ್ಬರೂ ಇದ್ದುದರಿಂದಲೇ ಒಬ್ಬೊಬ್ಬರೂ ಅಷ್ಟು ಚೆನ್ನಾಗಿ ಹಾಡಿದರೆಂದರೂ ತಪ್ಪಾಗಲಾರದು.

ಈ ಗಾನದಲ್ಲಿ ನಮ್ಮವರ ಕಿವಿ ಕೂಡಲೆ ನಿಮಿರುವಂತಹ ಭಾಗವೊಂದಿದೆ. ದೀರ್ಘವಾದ ಕೃತಿಗಳ ಕೊನೆಯಲ್ಲಿ ಸಾಹಿತ್ಯವು ಮುಗಿದ ಬಳಿಕ ಗಾಯಕನು ‘ತೆ ರಿ ರೆಮ್, ತೆ ರೆ ರೆ’ ಎಂಬ ಅರ್ಥವಿಲ್ಲದ ಅಕ್ಷರಗಳ ಮೇಲೆ ಹಾಡನ್ನು ಬೆಳೆಸುತ್ತಾನೆ. ಇದಕ್ಕೆ ಕ್ರಾತಿಮಾ ಎಂದು ಹೆಸರು. ತಿಲ್ಲಾನವನ್ನು ಕೇಳಿದವರಿಗೆ ಇದು ಪರಕೀಯವೆನಿಸದು. ಕುಕುಜೇಲಿಸ್ ಎಂಬ ಸಂತಗಾಯಕನು ೧೪ನೆಯ ಶತಮಾನದಲ್ಲಿ ಈ ಬಗೆಯ ಗಾನವನ್ನು ಬಹಳವಾಗಿ ಬೆಳೆಸಿದನು. ಆತನು ಅರಮನೆಯ ವೈಭವವನ್ನು ತೊರೆದು ಆಥೋಸ್ ಪರ್ವತದಲ್ಲಿ ಮೇಕೆ ಕಾಯುವವನಾಗಿ ಅಡಗಿಕೊಂಡಿದ್ದನೆಂದೂ, ಒಂದು ದಿನ ಮೈಮರೆತು ಹಾಡಿದಾಗ ಮೇಕೆಗಳು ಮೇಯುವುದನ್ನು ಬಿಟ್ಟು ನಿಂತುದನ್ನು ಕಂಡು ಜನರು ಆತನ ಗುರುತು ಹಿಡಿದರೆಂದೂ ಐತಿಹ್ಯವಿದೆ. ಅರ್ಥವಿಲ್ಲದ ಅಕ್ಷರಗಳಿಗೆ ಅಲ್ಲಿನ ಭಕ್ತರು ಕೊಡುವ ಅರ್ಥವೂ ಚೆನ್ನಾಗಿದೆ: ದೇವದೂತರ ಗಾನಕ್ಕೆ ಮನುಷ್ಯರ ಮಾತು ಸಾಲದಂತೆ!

ಹೆಂಗಸರಿಗೆ ಈ ಪೀಠಗಳ ಮೇಲೆ ಸ್ಥಾನವಿರಲಿಲ್ಲವೆಂಬುದನ್ನು ಹೇಳದೆ ಬಿಟ್ಟರೆ ವಾಚಕಿಯರಿಗೆ ಅನ್ಯಾಯವಾದೀತು. ಹೀಗಿದ್ದರೂ ಆ ಚರ್ಚಿನ ವರ್ಷದ ಅತ್ಯಂತ ಜನಪ್ರಿಯವಾದ ಹಾಡನ್ನು ಬರೆದವಳು ಒಬ್ಬ ಹೆಂಗಸೇ. ಈಸ್ಟರಿನ ಹಿಂದಿನ ಪವಿತ್ರ ಸಪ್ತಾಹದಲ್ಲಿ, ಮಂಗಳವಾರದ ಸಂಜೆ, ೯ನೆಯ ಶತಮಾನದ ಸನ್ಯಾಸಿನಿ ಕಾಸ್ಸಿಯಾ ಎಂಬವಳ ಸ್ತೋತ್ರವನ್ನು ಹಾಡುತ್ತಾರೆ. ಕ್ರಿಸ್ತನ ಪಾದಗಳಿಗೆ ಪರಿಮಳತೈಲವನ್ನು ಲೇಪಿಸಿದ ಪತಿತೆಯ ಮಾತುಗಳ ರೂಪದಲ್ಲಿ ಅದಿದೆ. ವರ್ಷವೆಲ್ಲ ಚರ್ಚಿನ ಕಡೆಗೆ ತಲೆಹಾಕದವರೂ ಆ ಸಂಜೆ ಬಂದು ನಿಲ್ಲುತ್ತಾರೆ. ಕಾಸ್ಸಿಯಾ ರೂಪವತಿ, ಪಂಡಿತೆ. ಥಿಯೋಫಿಲೋಸ್ ಚಕ್ರವರ್ತಿಯು ವಧುವನ್ನು ಆರಿಸುವಾಗ ಇವಳ ಮುಂದೆ ನಿಂತು, ಕೇಡೆಲ್ಲ ಹೆಣ್ಣಿನಿಂದಲೇ ಬಂದಿತಲ್ಲವೇ ಎಂದು ಚುಚ್ಚಿದನಂತೆ. ಹೆಣ್ಣಿನಿಂದಲೇ ಒಳಿತೂ ಬಂದಿತಲ್ಲ ಎಂದು ಇವಳು ತಟ್ಟನೆ ಉತ್ತರವಿತ್ತಳಂತೆ. ಚಕ್ರವರ್ತಿಯು ಮುಂದೆ ನಡೆದು ಬೇರೊಬ್ಬಳನ್ನು ವರಿಸಿದನು. ಇವಳು ಮಠವನ್ನು ಕಟ್ಟಿಸಿ ಅಲ್ಲಿ ಸ್ತೋತ್ರಗಳನ್ನು ಬರೆದಳು. ಮುಂದೊಂದು ದಿನ ಚಕ್ರವರ್ತಿಯು ಮಠಕ್ಕೆ ಬಂದಾಗ ಇವಳು ಮರೆಯಾದಳೆಂದೂ, ಮೇಜಿನ ಮೇಲೆ ಅರ್ಧ ಬರೆದಿದ್ದ ಈ ಸ್ತೋತ್ರಕ್ಕೆ ಅವನು ಒಂದು ಸಾಲನ್ನು ಸೇರಿಸಿ ಹೋದನೆಂದೂ ಜನ ಹೇಳುತ್ತಾರೆ. ಆ ಸಾಲನ್ನು ಅವಳು ಹೊಡೆದುಹಾಕಲಿಲ್ಲವಂತೆ. ಪಾಂಡಿತ್ಯಕ್ಕಾಗಿ ಸಿಂಹಾಸನವನ್ನು ಕಳೆದುಕೊಂಡ ಹೆಂಗಸರು ಎಲ್ಲ ದೇಶಗಳಲ್ಲಿಯೂ ಇದ್ದಾರೆಂದು ತೋರುತ್ತದೆ.

ಮರಳಿ ನಮ್ಮ ಗಾಯಕರ ಕಡೆಗೆ ಬರೋಣ. ೧೯೪೧ರಲ್ಲಿ ಪೇಟ್ರಿಯಾರ್ಕರ ನಿವಾಸದ ಮರದ ಕಟ್ಟಡವು ಬೆಂಕಿಗೆ ಆಹುತಿಯಾಯಿತು. ಚರ್ಚು ಉಳಿಯಿತು, ಹಾಡು ನಿಲ್ಲಲಿಲ್ಲ. ಅದಕ್ಕಿಂತ ಘೋರವಾದುದು ೧೯೫೫ರ ಸಪ್ಟಂಬರ್ ೬ರ ರಾತ್ರಿ ಬಂದಿತು. ಸೈಪ್ರಸ್ ದ್ವೀಪವು ಯಾರಿಗೆ ಸೇರಬೇಕೆಂಬ ವ್ಯಾಜ್ಯವು ಗ್ರೀಸಿಗೂ ತುರ್ಕಿಗೂ ನಡುವೆ ಹೊಗೆಯಾಡುತ್ತಿದ್ದಾಗ, ಥೆಸಲೊನೀಕಿಯಲ್ಲಿ ಕೆಮಾಲ್ ಅತಾತುರ್ಕರು ಹುಟ್ಟಿದ ಮನೆಯ ಬಳಿ ಬಾಂಬು ಸಿಡಿಯಿತೆಂಬ ಸುದ್ದಿ ಹಬ್ಬಿತು. ಗುಂಪುಗಳು ಇಸ್ತಾಂಬುಲಿನ ಗ್ರೀಕರ ಕೇರಿಗಳನ್ನು ನುಗ್ಗಿದುವು. ಒಂದೇ ರಾತ್ರಿಯಲ್ಲಿ ಸಾವಿರಾರು ಅಂಗಡಿಗಳೂ ಮನೆಗಳೂ ಪುಡಿಯಾದುವು. ಎಪ್ಪತ್ತಕ್ಕೂ ಹೆಚ್ಚು ಚರ್ಚುಗಳು ಹಾಳಾದುವು. ಮುಂದಿನ ವರ್ಷಗಳಲ್ಲಿ ಒಂದೊಂದೇ ಸಂಸಾರವಾಗಿ ಜನ ಹೊರಡತೊಡಗಿದರು. ಕೇಳುವವರು ಕಡಿಮೆಯಾದರೂ ಹಾಡುವವರು ತಮ್ಮ ಸ್ಥಾನದಲ್ಲಿ ನಿಂತೇ ಇದ್ದರು.

೧೯೬೦ರಲ್ಲಿ ಸ್ತಾನಿತ್ಸಾಸರು ಎಡದಿಂದ ಬಲಕ್ಕೆ ಬಂದರು. ಲಂಪದಾರಿಯೋಸರಾಗಿ ಕಳೆದುದು ಇಪ್ಪತ್ತೊಂದು ವರ್ಷ. ಪ್ರಥಮ ಗಾಯಕರಾಗಿ ದೊರೆತುದು ನಾಲ್ಕೇ ವರ್ಷ.

೧೯೬೩ರ ಕೊನೆಯಲ್ಲಿ ಸೈಪ್ರಸಿನಲ್ಲಿ ಗ್ರೀಕರಿಗೂ ತುರ್ಕರಿಗೂ ರಕ್ತಪಾತವೆದ್ದಿತು. ಅದರ ಬಿಸಿಯು ಇಸ್ತಾಂಬುಲಿಗೆ ತಟ್ಟಿತು. ೧೯೩೦ರಲ್ಲಿ ಎರಡು ದೇಶಗಳೂ ಸ್ನೇಹದಿಂದ ಮಾಡಿಕೊಂಡಿದ್ದ ಒಪ್ಪಂದವೊಂದರ ಬಲದಿಂದ ಗ್ರೀಕ್ ಪ್ರಜೆಗಳು ಆ ನಗರದಲ್ಲಿ ನೆಲೆಸಿದ್ದರು. ೧೯೬೪ರ ಮಾರ್ಚಿಯಲ್ಲಿ ತುರ್ಕಿಯ ಸರಕಾರವು ಅದನ್ನು ರದ್ದುಗೊಳಿಸಿತು. ಹೊರಡಬೇಕಾದವರ ಹೆಸರುಗಳು ಪತ್ರಿಕೆಗಳಲ್ಲಿ ಪ್ರಕಟವಾಗತೊಡಗಿದುವು. ಕಾಗದದ ಮೇಲೆ ಗ್ರೀಸಿನ ಪ್ರಜೆಗಳೆನಿಸಿಕೊಂಡ ಇವರಲ್ಲಿ ಅನೇಕರು ಗ್ರೀಸನ್ನು ಕಣ್ಣಿನಿಂದ ಕಂಡವರೇ ಅಲ್ಲ. ಗಂಡನು ಗ್ರೀಕ್ ಪ್ರಜೆ, ಹೆಂಡತಿಯು ತುರ್ಕಿಯ ಪ್ರಜೆ ಆಗಿದ್ದ ಸಂಸಾರಗಳು ಎಷ್ಟೋ. ಆಜ್ಞೆ ಒಬ್ಬನಿಗಾದರೂ ಹೊರಡುವುದು ಮನೆಮಂದಿಯೆಲ್ಲ. ಹೀಗಾಗಿ ಹನ್ನೆರಡು ಸಾವಿರ ಮಂದಿಯ ಜೊತೆಗೆ ಇನ್ನೂ ಸುಮಾರು ೩೦,೦೦೦ ಮಂದಿ ಊರನ್ನು ತೊರೆದರೆಂದು ಲೆಕ್ಕವಿದೆ.

ಪೀಠದ ಪ್ರಥಮ ಗಾಯಕರಿಗೂ ರಿಯಾಯಿತಿ ದೊರೆಯಲಿಲ್ಲ. ಅದೇ ೧೯೬೪ರಲ್ಲಿ ಪ್ರಿಂಗೋಸರೂ ತೀರಿಕೊಂಡರು. ಇಪ್ಪತ್ತು ವರ್ಷ ಎದುರುಬದುರು ನಿಂತಿದ್ದ ಇಬ್ಬರಲ್ಲಿ ಒಬ್ಬರು ಲೋಕವನ್ನು, ಇನ್ನೊಬ್ಬರು ಊರನ್ನು ಒಂದೇ ವರ್ಷದಲ್ಲಿ ಬಿಟ್ಟಂತಾಯಿತು.

ಸ್ತಾನಿತ್ಸಾಸರ ವಯಸ್ಸು ಆಗ ೫೪. ಹೊಸ ಊರಿನಲ್ಲಿ ಹೊಸದಾಗಿ ಸಂಸಾರ ಹೂಡುವ ವಯಸ್ಸಲ್ಲ. ಅವರು ಕೊನೆಗೆ ನೆಲೆನಿಂತ ಅಥೆನ್ಸ್ ನಗರವು ಗ್ರೀಕರದೇ ಆದರೂ ಸಂಗೀತದ ವಿಷಯದಲ್ಲಿ ಅವರಿಗೆ ಪೂರ್ತಿಯಾಗಿ ಸ್ವದೇಶವಲ್ಲ. ಗ್ರೀಸ್ ಸ್ವತಂತ್ರವಾದ ಮೇಲೆ ಅಲ್ಲಿನ ವಿದ್ಯಾವಂತರ ದೃಷ್ಟಿಯು ಪಶ್ಚಿಮದ ಕಡೆಗೆ ತಿರುಗಿದ್ದಿತು. ಯೋಆನಿಸ್ ಸಕೆಲ್ಲಾರಿದಿಸ್ ಎಂಬ ಪ್ರಸಿದ್ಧ ಗಾಯಕರು ಹಳೆಯ ಗಾನದಲ್ಲಿನ ಬಳುಕುಗಳನ್ನೆಲ್ಲ ಪೌರಸ್ತ್ಯವೆಂದು ಬದಿಗೊತ್ತಿ, ಸರಳವಾದ, ಐರೋಪ್ಯ ಸ್ವರಮೇಳಕ್ಕೆ ಒಗ್ಗುವ ಧಾಟಿಗಳನ್ನು ರೂಢಿಗೆ ತಂದಿದ್ದರು. ೧೯೩೮ರಲ್ಲಿ ಅವರು ತೀರಿಕೊಂಡರೂ ಅವರ ಮಾರ್ಗವು ಬಲವಾಗಿಯೇ ಇದ್ದಿತು. ಸಂಗೀತವನ್ನು ಚೊಕ್ಕಟಗೊಳಿಸುತ್ತೇವೆಂದು ಹೊರಟವರು ಅದರ ಜೀವವನ್ನೇ ತೊಳೆದುಹಾಕುವ ಪ್ರಸಂಗವು ನಮ್ಮ ನಾಡಿಗೂ ಹೊಸತಲ್ಲ; ಹಾರ್ಮೋನಿಯಮ್ಮಿನ ವಿಷಯದಲ್ಲಿ ನಡೆದ ವಾದಗಳನ್ನು ಬಲ್ಲವರಿಗೆ ಈ ಮಾತು ತಿಳಿದೀತು. ಆದರೂ ಸಕೆಲ್ಲಾರಿದಿಸರ ಪಕ್ಷವನ್ನು ನಾವು ಪೂರ್ತಿಯಾಗಿ ತಳ್ಳಿಹಾಕಲಾರೆವು. ಸಾಮಾನ್ಯ ಜನರೂ ಕೂಡಿ ಹಾಡುವಂತಿರಬೇಕೆಂಬುದೂ ಒಂದು ಸದಾಶಯವೇ ಸರಿ.

ಅಥೆನ್ಸಿನ ಅಂಬೆಲೋಕಿಪಿ ಎಂಬ ಬಡಾವಣೆಯಲ್ಲಿರುವ ಸಂತ ದಿಮಿತ್ರಿಯೋಸರ ಚರ್ಚಿನಲ್ಲಿ ಸ್ತಾನಿತ್ಸಾಸರಿಗೆ ಬಲಗಡೆಯ ಪೀಠವು ದೊರೆಯಿತು. ಅಲ್ಲಿ ಅವರು ವಾದಕ್ಕೆ ನಿಲ್ಲದೆ ಹಾಡುವುದಕ್ಕೆ ನಿಂತರು. ಕಾನ್‌ಸ್ಟಾಂಟಿನೋಪಲಿನಿಂದ ಅವರಂತೆಯೇ ಬಂದು ಅಥೆನ್ಸಿನಲ್ಲಿ ಚದುರಿದವರಿಗೆ ಆ ಚರ್ಚು ಹಳೆಯ ಕೇರಿಯ ಒಂದು ತುಂಡಿನಂತಾಯಿತು. ಆ ಕಂಠವನ್ನು ಕೇಳಿ ಕಲಿಯಬೇಕೆಂಬ ತರುಣ ಗಾಯಕರೂ ಅವರ ಪಕ್ಕದಲ್ಲಿ ಬಂದು ನಿಂತರು. ಫನಾರಿನಲ್ಲಿಯೇ ಉಳಿದಿದ್ದರೆ ಅಷ್ಟು ಮಂದಿ ಶಿಷ್ಯರು ಅವರಿಗೆ ದೊರೆಯುತ್ತಿದ್ದರೋ ಇಲ್ಲವೋ. ಅಲ್ಲಿ ಹುಡುಗರೇ ಉಳಿದಿರಲಿಲ್ಲ.

ಈಫೋಸ್ ಪುಸ್ತಕದಲ್ಲಿ ಹಿಡಿಯುವುದಿಲ್ಲವೆಂದು ಮೇಲೆ ಹೇಳಿದೆವಷ್ಟೆ. ಹೀಗಿದ್ದರೂ ಊರು ಬಿಟ್ಟ ಐದು ವರ್ಷಗಳಿಗೆ, ೧೯೬೯ರಲ್ಲಿ, ಸ್ತಾನಿತ್ಸಾಸರು ‘ಮ್ಯೂಸಿಕೋನ್ ತ್ರಿಯೋದಿಯೋನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಈಸ್ಟರಿಗೆ ಮುಂಚಿನ ವಾರಗಳಲ್ಲಿ, ಎಂದರೆ ಉಪವಾಸದ ಕಾಲದಲ್ಲಿ, ಹಾಡಬೇಕಾದ ಸ್ತೋತ್ರಗಳ ಸಂಗ್ರಹವದು. ವರ್ಷದ ಹಾಡುಗಳಲ್ಲೆಲ್ಲ ದುಃಖವೂ ಪಶ್ಚಾತ್ತಾಪವೂ ತುಂಬಿದ ಭಾಗವನ್ನೇ ಅವರು ಆರಿಸಿಕೊಂಡುದು ಆಕಸ್ಮಿಕವಿರಬಹುದು, ಇಲ್ಲದಿರಲೂಬಹುದು. ತಾವು ಫನಾರಿನ ಪೀಠದ ಮೇಲೆ ಹಾಡುತ್ತ ಬಂದ ಧಾಟಿಯನ್ನು ಗುರುತುಗಳ ಮಿತಿಯೊಳಗೆ ಎಷ್ಟರ ಮಟ್ಟಿಗೆ ಇಳಿಸಬಹುದೋ ಅಷ್ಟರ ಮಟ್ಟಿಗೆ ಅವರು ಇಳಿಸಿದರು. ಇಂದಿಗೂ ಗ್ರೀಸಿನ ಗಾಯಕರು ಆ ಪುಸ್ತಕವನ್ನು ಮುಂದಿಟ್ಟುಕೊಂಡು ಹಾಡುತ್ತಾರೆ. ಕಷ್ಟವಾದ ತಿರುವುಗಳಲ್ಲಿ ಅವರ ಧ್ವನಿಮುದ್ರಣವನ್ನು ಕೇಳಿ ನೋಡುತ್ತಾರೆ. ಪುಸ್ತಕವೂ ಟೇಪೂ ಕೂಡಿದಾಗ ಗುರುವಿನ ಕಾಲುಭಾಗ ದೊರೆಯುವುದೆಂದು ಇಟ್ಟುಕೊಳ್ಳಬಹುದು. ಉಳಿದ ಮುಕ್ಕಾಲು ಭಾಗವು ಪಕ್ಕದಲ್ಲಿ ನಿಂತವರ ಪಾಲಿಗೆ ಹೋಯಿತು.

೧೯೮೧ರವರೆಗೆ ಅವರು ಆ ಚರ್ಚಿನಲ್ಲಿ ಹಾಡಿದರು. ೧೯೮೭ರ ಆಗಸ್ಟ್ ತಿಂಗಳಿನಲ್ಲಿ ತಮ್ಮ ೭೭ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರು ತೊರೆದು ಬಂದ ನಗರದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ್ದ ಗ್ರೀಕರು ಈಗ ಎರಡು ಮೂರು ಸಾವಿರ ಮಂದಿ ಇದ್ದಾರೆ. ೨೦೧೯ರಲ್ಲಿ ಗ್ರೀಸ್ ಮತ್ತು ಸೈಪ್ರಸ್ ದೇಶಗಳ ಕೋರಿಕೆಯ ಮೇರೆಗೆ ಯುನೆಸ್ಕೊ ಸಂಸ್ಥೆಯು ಬೈಜಾಂಟೈನ್ ಗಾನವನ್ನು ಮನುಕುಲದ ಅಮೂರ್ತ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿಕೊಂಡಿತು. ಫನಾರಿನ ಚರ್ಚಿನಲ್ಲಿ ಎರಡು ಪೀಠಗಳೂ ಈಗಲೂ ಇವೆ, ಎರಡರಲ್ಲಿಯೂ ಗಾಯಕರಿದ್ದಾರೆ. ಭಾನುವಾರದ ಬೆಳಿಗ್ಗೆ ಪ್ರವಾಸಿಗಳು ಬಂದು ಹಿಂದೆ ನಿಲ್ಲುತ್ತಾರೆ. ಮುಂದಿನ ಸಾಲಿನಲ್ಲಿ ಕೇರಿಯ ಕೆಲವು ವೃದ್ಧೆಯರು ಕುಳಿತಿರುತ್ತಾರೆ. ಬಲಗಡೆಯವರು ಮೊದಲ ಸ್ತೋತ್ರವನ್ನು ಎತ್ತಿಕೊಳ್ಳುತ್ತಾರೆ. ಅದು ಮುಗಿಯುವುದರೊಳಗಾಗಿ ಎಡಗಡೆಯವರು ತಮ್ಮ ಶ್ರುತಿಯನ್ನು ಹಿಡಿದಿರುತ್ತಾರೆ.